ನಿರ್ದೇಶಕರ ಕಲಿಕೆ ಒಂದು ಪರೀಕ್ಷೆಗೆ ಮುಗಿಯದಿರಲಿ

ಕಾರ್ಯದರ್ಶಿಗಳಿಗೆ,
ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ, ಭಾರತ ಸರ್ಕಾರ, ಹೊಸದಿಲ್ಲಿ

ವಿಷಯ: ಕಂಪನಿ ನಿರ್ದೇಶಕರ ವೃತ್ತಿಶಿಕ್ಷಣ ಮತ್ತು ಪ್ರಮಾಣಪತ್ರ

ಮಾನ್ಯರೇ,

ಭಾರತದಲ್ಲಿ ಕಂಪನಿಯೊಂದರ ನಿರ್ದೇಶಕರಾಗಲು ಕಾನೂನು ಯಾವ ವಿದ್ಯಾರ್ಹತೆಯನ್ನೂ ಕೇಳುವುದಿಲ್ಲ. ನಿರ್ದೇಶಕರ ಗುರುತಿನ ಸಂಖ್ಯೆ, ಅಂದರೆ ಡಿಐಎನ್ ಇರಬೇಕು. 2013ರ ಕಂಪನಿ ಕಾಯ್ದೆಯ ಸೆಕ್ಷನ್ 164 ಹೇಳುವ ಅನರ್ಹತೆಗಳು ಇರಬಾರದು. ಅಷ್ಟಿದ್ದರೆ ಸಾಕು. ಅದೇ ಕಂಪನಿಯ ಲೆಕ್ಕಪರಿಶೋಧಕರು ಸಿಎ ಆಗಿರಲೇಬೇಕು, ಕಂಪನಿ ಕಾರ್ಯದರ್ಶಿ ಸಿಎಸ್ ಮುಗಿಸಿರಲೇಬೇಕು. ಇವರಿಬ್ಬರ ಕೆಲಸವನ್ನೂ ಪ್ರಶ್ನಿಸುವ ಅಧಿಕಾರವುಳ್ಳ ಮಂಡಳಿಗೆ ಮಾತ್ರ ಇಂಥ ಕಟ್ಟಳೆಯಿಲ್ಲ. ಇದು ಮರೆವಿನಿಂದಾದ ಲೋಪವಲ್ಲ. ಮಂಡಳಿಗೆ ಬೇರೆ ಬೇರೆ ಕ್ಷೇತ್ರಗಳಲ್ಲಿ ಪಳಗಿದವರು ಬರಬೇಕು. ಎಂಜಿನಿಯರ್, ವೈದ್ಯ, ಕೃಷಿ ಬಲ್ಲವರು, ಮಾರಾಟ ಬಲ್ಲವರು ಒಂದೇ ಮೇಜಿನ ಸುತ್ತ ಕೂರಬೇಕು ಎಂಬ ಸರಿಯಾದ ಆಲೋಚನೆ ಅದರ ಹಿಂದಿದೆ. ಆದರೆ ಕ್ಷೇತ್ರಗಳು ಬೇರೆಯಾದರೂ ಮೇಜಿನ ಮೇಲೆ ಬರುವ ಲೆಕ್ಕಪತ್ರ ಒಂದೇ. ಅದನ್ನು ಓದಿ ಅರಿಯುವ ಸಾಮರ್ಥ್ಯ ಎಲ್ಲರಿಗೂ ಬೇಕು. ನಿರ್ದೇಶಕರ ಶಿಕ್ಷಣದ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ಹಿಂದೆ ನ್ಯಾಯಾಲಯಗಳು ನಿರ್ದೇಶಕರಿಂದ ಇಷ್ಟನ್ನು ಬಯಸುತ್ತಿರಲಿಲ್ಲ. ಬ್ರಿಟನ್ನಿನ ಕಾರ್ಡಿಫ್ ಸೇವಿಂಗ್ಸ್ ಬ್ಯಾಂಕಿನ 1892ರ ಪ್ರಕರಣವನ್ನು ಕಂಪನಿ ಕಾನೂನು ಓದುವವರೆಲ್ಲ ಬಲ್ಲರು. ಬ್ಯೂಟ್‌ನ ಮಾರ್ಕ್ವಿಸ್ ಆರು ತಿಂಗಳ ಕೂಸಾಗಿದ್ದಾಗಲೇ ತಂದೆಯ ಸ್ಥಾನದಲ್ಲಿ ಆ ಬ್ಯಾಂಕಿನ ಅಧ್ಯಕ್ಷನಾದ. 38 ವರ್ಷಗಳಲ್ಲಿ ಅವನು ಹೋದದ್ದು ಒಂದೇ ಒಂದು ಮಂಡಳಿ ಸಭೆಗೆ. ಬ್ಯಾಂಕಿನಲ್ಲಿ ಅಕ್ರಮ ನಡೆದು ನಷ್ಟವಾದಾಗ ನ್ಯಾಯಾಲಯ ಅವನನ್ನು ಹೊಣೆ ಮಾಡಲಿಲ್ಲ. ಸಭೆಗೇ ಬಾರದವನಿಗೆ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲದವನು ತಪ್ಪಿತಸ್ಥನಲ್ಲ ಎಂಬುದು ಅಂದಿನ ತರ್ಕ.

ಇಂದಿನ ಕಾನೂನು ಇದಕ್ಕೆ ತದ್ವಿರುದ್ಧ. ಭಾರತದ ಕಾಯ್ದೆಯ ಸೆಕ್ಷನ್ 166 ಪ್ರತಿಯೊಬ್ಬ ನಿರ್ದೇಶಕರಿಂದಲೂ ಎಚ್ಚರ, ಕೌಶಲ, ಶ್ರದ್ಧೆ ಮತ್ತು ಸ್ವತಂತ್ರ ವಿವೇಚನೆಯನ್ನು ಬಯಸುತ್ತದೆ. ಕೌಶಲ ಎಂಬ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಆಸ್ಟ್ರೇಲಿಯಾದ ಸೆಂಟ್ರೊ ಪ್ರಕರಣ ತೋರಿಸಿಕೊಟ್ಟಿತು. ಸೆಂಟ್ರೊ ವಾಣಿಜ್ಯ ಮಳಿಗೆಗಳ ಒಡೆತನದ ದೊಡ್ಡ ಸಮೂಹ. ಅದರ 2007ರ ಲೆಕ್ಕಪತ್ರದಲ್ಲಿ ಒಂದು ವರ್ಷದೊಳಗೆ ತೀರಿಸಬೇಕಿದ್ದ ಸುಮಾರು 150 ಕೋಟಿ ಆಸ್ಟ್ರೇಲಿಯನ್ ಡಾಲರ್ ಸಾಲವನ್ನು ದೀರ್ಘಾವಧಿ ಸಾಲದ ಸಾಲಿನಲ್ಲಿ ತೋರಿಸಲಾಗಿತ್ತು. ಹೆಸರಾಂತ ಲೆಕ್ಕಪರಿಶೋಧನಾ ಸಂಸ್ಥೆ ಅದನ್ನು ನೋಡಿತ್ತು, ಹಣಕಾಸು ವಿಭಾಗವೂ ನೋಡಿತ್ತು, ಮಂಡಳಿ ಸಹಿ ಹಾಕಿತ್ತು. ಬಲ್ಲವರನ್ನು ನಂಬಿದ್ದೆವು ಎಂದು ನಿರ್ದೇಶಕರು ವಾದಿಸಿದರು. ನ್ಯಾಯಮೂರ್ತಿ ಮಿಡಲ್‌ಟನ್ 2011ರ ಜೂನ್‌ನಲ್ಲಿ ಆ ವಾದವನ್ನು ತಳ್ಳಿಹಾಕಿದರು. ಆ ಸಾಲಗಳು ಬೇಗ ತೀರಿಸಬೇಕಾದವು ಎಂಬುದು ನಿರ್ದೇಶಕರಿಗೆ ಗೊತ್ತಿತ್ತು, ಇಲ್ಲವೇ ಗೊತ್ತಿರಬೇಕಿತ್ತು. ಲೆಕ್ಕಪತ್ರವನ್ನು ಗಮನವಿಟ್ಟು ಓದಿದ್ದರೆ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಆ ಓದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಲು ಬರುವುದಿಲ್ಲ ಎಂಬುದು ತೀರ್ಪಿನ ಸಾರ. ಇಲ್ಲಿ ಬೇಕಿದ್ದ ಜ್ಞಾನ ಬಹಳ ದೊಡ್ಡದಲ್ಲ. ವರ್ಷದೊಳಗೆ ತೀರಿಸಬೇಕಾದ ಸಾಲ ಯಾವ ಸಾಲಿಗೆ ಸೇರುತ್ತದೆ ಎಂಬುದು ಬಿ.ಕಾಂ. ಮೊದಲ ವರ್ಷದ ಪಾಠ.

ಭಾರತದಲ್ಲಿ ಈ ಅಗತ್ಯವನ್ನು ತಡವಾಗಿ ಗುರುತಿಸಿದರು ಎನ್ನುವಂತಿಲ್ಲ. 2002ರ ಡಿಸೆಂಬರಿನಲ್ಲಿ ವರದಿ ಕೊಟ್ಟ ನರೇಶ್ ಚಂದ್ರ ಸಮಿತಿ, ಸ್ವತಂತ್ರ ನಿರ್ದೇಶಕರು ಹುದ್ದೆ ವಹಿಸಿಕೊಳ್ಳುವ ಮೊದಲು ಇಲ್ಲವೇ ವಹಿಸಿಕೊಂಡ ಒಂದು ವರ್ಷದೊಳಗೆ ತರಬೇತಿ ಪಡೆಯಬೇಕು, ಪಡೆಯದವರನ್ನು ಅನರ್ಹರೆಂದು ಎಣಿಸಬೇಕು ಎಂದಿತ್ತು. ಮರುವರ್ಷ ಬೆಂಗಳೂರಿನ ಎನ್.ಆರ್. ನಾರಾಯಣಮೂರ್ತಿಯವರ ಅಧ್ಯಕ್ಷತೆಯ ಸೆಬಿ ಸಮಿತಿಯೂ ಮಂಡಳಿ ಸದಸ್ಯರಿಗೆ ಕಂಪನಿಯ ವ್ಯವಹಾರ ಮತ್ತು ಅದರ ಅಪಾಯಗಳ ಬಗ್ಗೆ ತರಬೇತಿ ಬೇಕೆಂದು ಹೇಳಿತು. 2004ರಲ್ಲಿ ಷೇರುಪೇಟೆಯ ಲಿಸ್ಟಿಂಗ್ ಒಪ್ಪಂದದ ಪರಿಷ್ಕೃತ ಕ್ಲಾಸ್ 49 ಬಂದಾಗ ಆ ಮಾತು ಕಡ್ಡಾಯದ ಪಟ್ಟಿಯಲ್ಲಿರಲಿಲ್ಲ. ಇಷ್ಟವಿದ್ದರೆ ಪಾಲಿಸಬಹುದಾದ ಐಚ್ಛಿಕ ಅಂಶಗಳ ಜೊತೆ ಸೇರಿಹೋಗಿತ್ತು. ಒಳ್ಳೆಯ ಸಲಹೆಯೊಂದು ಐಚ್ಛಿಕದ ಪಟ್ಟಿಗೆ ಸೇರಿದರೆ ಅದರ ಗತಿ ಏನಾಗುತ್ತದೆ ಎಂಬುದು ನಂತರದ ವರ್ಷಗಳಲ್ಲಿ ಕಾಣಿಸಿತು.

ಈಗಿನ ವ್ಯವಸ್ಥೆ ಬಂದದ್ದು 2018ರಲ್ಲಿ ಮೂಲಸೌಕರ್ಯಕ್ಕೆ ಸಾಲ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್ಎಸ್ ಸಮೂಹ ಸುಮಾರು 91,000 ಕೋಟಿ ರೂಪಾಯಿ ಸಾಲದ ಹೊರೆ ಹೊತ್ತು ಕುಸಿದ ಮೇಲೆ. 2019ರ ಅಕ್ಟೋಬರಿನಲ್ಲಿ ಸಚಿವಾಲಯ ಹೊರಡಿಸಿದ ನಿಯಮಗಳು ಆ ವರ್ಷದ ಡಿಸೆಂಬರ್ 1ರಿಂದ ಜಾರಿಗೆ ಬಂದವು. ಸ್ವತಂತ್ರ ನಿರ್ದೇಶಕರಾಗಿರುವವರು, ಆಗಬಯಸುವವರು ಮಾನೇಸರದ ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆ (ಐಐಸಿಎ) ನಡೆಸುವ ಡೇಟಾಬ್ಯಾಂಕಿನಲ್ಲಿ ಹೆಸರು ನೋಂದಾಯಿಸಬೇಕು, ನಿಗದಿತ ಅವಧಿಯಲ್ಲಿ ಆನ್‌ಲೈನ್ ಸ್ವಮೌಲ್ಯಮಾಪನ ಪರೀಕ್ಷೆ ಪಾಸು ಮಾಡಬೇಕು. ಪಾಸಾಗದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು.

ಈ ಹೆಜ್ಜೆಯ ಬೆಲೆಯನ್ನು ಕಡಿಮೆ ಮಾಡಿ ನೋಡುವುದು ನ್ಯಾಯವಲ್ಲ. ಅಲ್ಲಿಯವರೆಗೆ ಪ್ರವರ್ತಕರ ಪರಿಚಯದ ವಲಯದಲ್ಲಿ, ಕ್ಲಬ್ಬಿನ ಗೆಳೆತನದಲ್ಲಿ, ನಿವೃತ್ತ ಅಧಿಕಾರಿಗಳ ಪಟ್ಟಿಯಲ್ಲಿ ಹುಡುಕುತ್ತಿದ್ದ ಕಂಪನಿಗಳಿಗೆ ಅದರಾಚೆಗೂ ಜನರಿದ್ದಾರೆಂದು ಡೇಟಾಬ್ಯಾಂಕು ತೋರಿಸಿತು. ಕಾನೂನು, ಲೆಕ್ಕಪತ್ರ, ಷೇರುಪೇಟೆಯ ನಿಯಮಗಳ ಪಾಠಗಳು ಒಂದೆಡೆ ಸಿಕ್ಕವು. ನಿರ್ದೇಶಕರೂ ಪರೀಕ್ಷೆ ಪಾಸಾಗಬೇಕು ಎಂಬ ಮಾತು ಮೊದಲ ಬಾರಿಗೆ ನಿಯಮವಾಯಿತು.

ಆದರೆ ಜಾರಿಯಾದ ಮರುಗಳಿಗೆಯಿಂದಲೇ ನಿಯಮ ಸಡಿಲಗೊಳ್ಳುತ್ತ ಬಂತು. ಪಾಸಾಗಲು ಶೇಕಡ 60 ಅಂಕ ಬೇಕಿದ್ದದ್ದು 2020ರ ಡಿಸೆಂಬರಿನ ತಿದ್ದುಪಡಿಯಲ್ಲಿ 50ಕ್ಕೆ ಇಳಿಯಿತು. ಒಂದು ವರ್ಷದ ಗಡುವು ಎರಡಾಯಿತು. ದೊಡ್ಡ ಕಂಪನಿಗಳಲ್ಲಿ ನಿರ್ದೇಶಕರಾಗಿ ಅಥವಾ ಪ್ರಮುಖ ಆಡಳಿತ ಹುದ್ದೆಯಲ್ಲಿ ಹತ್ತು ವರ್ಷ ಇದ್ದವರಿಗೆ ಮಾತ್ರ ಸಿಗುತ್ತಿದ್ದ ವಿನಾಯಿತಿ ಮೂರು ವರ್ಷ ಇದ್ದವರಿಗೂ ದೊರೆಯಿತು. ಮುಂದೆ ಹತ್ತು ವರ್ಷ ವೃತ್ತಿಯಲ್ಲಿದ್ದ ವಕೀಲರು, ಸಿಎಗಳು, ಸಿಎಸ್‌ಗಳು, ಕೆಲವು ಸಚಿವಾಲಯಗಳ ಹಿರಿಯ ಅಧಿಕಾರಿಗಳು ಕೂಡ ಪರೀಕ್ಷೆಯಿಂದ ಪಾರಾದರು. ಮೂರು ವರ್ಷ ಮಂಡಳಿಯಲ್ಲಿ ಕೂತವರಿಗೆ ಮಂಡಳಿಯ ಕೆಲಸ ಬರುತ್ತದೆ ಎಂದು ಇಲ್ಲಿ ಮೊದಲೇ ಒಪ್ಪಿಕೊಂಡಂತಾಯಿತು. ಸೆಂಟ್ರೊದ ಮಂಡಳಿಯವರೂ ಅನುಭವಸ್ಥರೇ ಆಗಿದ್ದರು. ಅಪರಾಧ ಕಾನೂನಿನಲ್ಲಿ ಹೆಸರು ಮಾಡಿದ ವಕೀಲರೊಬ್ಬರು ನಗದು ಹರಿವಿನ ಪಟ್ಟಿಯನ್ನು ಜೀವಮಾನದಲ್ಲಿ ಒಮ್ಮೆಯೂ ಬಿಡಿಸಿ ನೋಡದೇ ಇದ್ದಿರಬಹುದು.

ಇದಕ್ಕಿಂತ ದೊಡ್ಡ ಕೊರತೆ ಪರೀಕ್ಷೆಯ ಸ್ವರೂಪದಲ್ಲೇ ಇದೆ. ಬಹು ಆಯ್ಕೆಯ ಪ್ರಶ್ನೆಗಳು ಅಳೆಯುವುದು ನೆನಪನ್ನು. ಮಂಡಳಿ ಸಭೆಗೆ ಎಷ್ಟು ದಿನದ ನೋಟಿಸು ಬೇಕು ಎಂದು ಕೇಳಿದರೆ ಏಳು ಎಂದು ಗುರುತು ಹಾಕಬಹುದು. ಆ ಏಳು ದಿನಗಳಲ್ಲಿ ಕೈಗೆ ಬಂದ ನೂರಾರು ಪುಟಗಳಲ್ಲಿ ಯಾವುದನ್ನು ಮೊದಲು ತೆರೆಯಬೇಕು ಎಂಬುದಕ್ಕೆ ನಾಲ್ಕು ಆಯ್ಕೆಗಳ ಉತ್ತರವಿಲ್ಲ.

ಒಂದು ಕಾಲ್ಪನಿಕ ಕಂಪನಿಯ ಲೆಕ್ಕವನ್ನೇ ನೋಡಬಹುದು. ಮಾರಾಟ 400 ಕೋಟಿಯಿಂದ 500 ಕೋಟಿಗೆ ಏರಿದೆ. ಲಾಭ 30 ಕೋಟಿಯಿಂದ 42 ಕೋಟಿಯಾಗಿದೆ. ಆಡಳಿತ ನಿರ್ದೇಶಕರ ಸ್ಲೈಡಿನ ಮೊದಲ ಪುಟದಲ್ಲಿ ಇವೆರಡೇ ದಪ್ಪಕ್ಷರದಲ್ಲಿರುತ್ತವೆ. ಹಿಂದಿನ ಪುಟಗಳಲ್ಲಿ ವ್ಯವಹಾರದಿಂದ ಕೈಗೆ ಬಂದ ನಗದು 28 ಕೋಟಿಯಿದ್ದದ್ದು ಮೈನಸ್ 9 ಕೋಟಿಗೆ ಇಳಿದಿದೆ. ಗ್ರಾಹಕರಿಂದ ಬರಬೇಕಾದ ಬಾಕಿ 100 ಕೋಟಿಯಿಂದ 205 ಕೋಟಿಗೆ ಬೆಳೆದಿದೆ. ಅಂದರೆ ಮೂರು ತಿಂಗಳಲ್ಲಿ ವಸೂಲಾಗುತ್ತಿದ್ದ ದುಡ್ಡಿಗೆ ಈಗ ಐದು ತಿಂಗಳು ಕಾಯಬೇಕು. ಲಾಭ ಪುಸ್ತಕದಲ್ಲಿದೆ, ಪೆಟ್ಟಿಗೆಯಲ್ಲಿಲ್ಲ. ಇಲ್ಲಿ ನಿರ್ದೇಶಕರು ಕೇಳಬೇಕಾದ ಪ್ರಶ್ನೆಗಳು ಸರಳ. ಬಾಕಿ ಉಳಿಸಿಕೊಂಡ ಮೊದಲ ಐದು ಗ್ರಾಹಕರು ಯಾರು? ಅವರಲ್ಲಿ ಯಾರಾದರೂ ಪ್ರವರ್ತಕರ ನೆಂಟರೇ? ವರ್ಷ ಮುಗಿದ ಮೇಲೆ ಅವರಿಂದ ಹಣ ಬಂದಿದೆಯೇ? ಬಾಕಿ ನಿಜವೆಂದು ಲೆಕ್ಕಪರಿಶೋಧಕರು ಗ್ರಾಹಕರನ್ನೇ ನೇರವಾಗಿ ಕೇಳಿ ಪತ್ರ ತರಿಸಿಕೊಂಡಿದ್ದಾರೆಯೇ, ಅಥವಾ ಕಂಪನಿಯ ಮೂಲಕ ಬಂದ ಪತ್ರವನ್ನು ಫೈಲಿಗೆ ಸೇರಿಸಿದ್ದಾರೆಯೇ? ಈ ಪ್ರಶ್ನೆಗಳನ್ನು ಸಭೆಯಲ್ಲಿ, ಎದುರಿಗಿರುವವರು ಮುಖ ಬಿಗಿದುಕೊಂಡರೂ, ಗದ್ದಲ ಮಾಡದೆ ಮತ್ತೆ ಮತ್ತೆ ಕೇಳುವುದನ್ನು ಕಲಿಸುವುದೇ ನಿರ್ದೇಶಕರ ಶಿಕ್ಷಣದ ತಿರುಳು.

ಕೇಳಿದ್ದು ಬರಹದಲ್ಲಿ ಉಳಿಯಬೇಕು. ಕಾಯ್ದೆಯ ನಾಲ್ಕನೇ ಅನುಸೂಚಿ, ಬಗೆಹರಿಯದ ಆತಂಕಗಳನ್ನು ನಡಾವಳಿಯಲ್ಲಿ ದಾಖಲಿಸುವಂತೆ ಸ್ವತಂತ್ರ ನಿರ್ದೇಶಕರು ಪಟ್ಟು ಹಿಡಿಯಬೇಕು ಎನ್ನುತ್ತದೆ. ಕಂಪನಿ ಕಾರ್ಯದರ್ಶಿಗಳ ಸಂಸ್ಥೆಯ ಮಾನದಂಡದ ಪ್ರಕಾರ ಸಭೆ ಮುಗಿದ ಹದಿನೈದು ದಿನದೊಳಗೆ ನಡಾವಳಿಯ ಕರಡು ನಿರ್ದೇಶಕರಿಗೆ ಬರುತ್ತದೆ; ತಕರಾರು ಹೇಳಲು ಏಳು ದಿನ ಇರುತ್ತದೆ. ಆ ಏಳು ದಿನಗಳಲ್ಲಿ ಕರಡನ್ನು ತೆರೆದೇ ನೋಡದ ನಿರ್ದೇಶಕರು ಸಭೆಯಲ್ಲಿ ಎಷ್ಟೇ ಗಟ್ಟಿಯಾಗಿ ಪ್ರಶ್ನಿಸಿದ್ದರೂ ಕಡತದಲ್ಲಿ ಅವರು ಮೌನವಾಗಿಯೇ ಉಳಿಯುತ್ತಾರೆ. ಸೆಕ್ಷನ್ 149(12)ರ ಪ್ರಕಾರ ಸ್ವತಂತ್ರ ನಿರ್ದೇಶಕರು ಹೊಣೆಯಾಗುವುದು ಮಂಡಳಿಯ ಕಲಾಪದ ಮೂಲಕ ತಮಗೆ ತಿಳಿದು, ತಮ್ಮ ಒಪ್ಪಿಗೆ ಅಥವಾ ಕುಮ್ಮಕ್ಕಿನಿಂದ ನಡೆದ ತಪ್ಪಿಗೆ, ಇಲ್ಲವೇ ತಾವು ಶ್ರದ್ಧೆ ತೋರದಿದ್ದಾಗ. ತಿಳಿದಿತ್ತೇ, ಒಪ್ಪಿದ್ದರೇ ಎಂಬುದಕ್ಕೆ ಮೊದಲ ಸಾಕ್ಷಿ ಈ ನಡಾವಳಿಯೇ. ಕರಡು ನಡಾವಳಿಯೊಂದನ್ನು ಎದುರಿಗಿಟ್ಟು ಅದರಲ್ಲಿ ಬಿಟ್ಟುಹೋದದ್ದನ್ನು ಗುರುತಿಸಲು ಹೇಳುವ ಅರ್ಧ ಗಂಟೆಯ ಅಭ್ಯಾಸ, ಕಾನೂನಿನ ಐವತ್ತು ಪ್ರಶ್ನೆಗಳಿಗಿಂತ ಹೆಚ್ಚು ಕಲಿಸುತ್ತದೆ.

ಕಲಿಕೆಯಿಂದ ಎಲ್ಲವೂ ಸರಿಹೋಗುತ್ತದೆಯೇ ಎಂಬ ಆಕ್ಷೇಪಕ್ಕೆ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯಷ್ಟು ಬಲವಾದ ಆಧಾರ ಬೇರೆ ಸಿಗದು. ಅದರ ಮಂಡಳಿಯ ಹೊರಗಿನ ನಿರ್ದೇಶಕರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕರಿದ್ದರು, ಹೈದರಾಬಾದಿನ ಐಎಸ್‌ಬಿಯ ಡೀನ್ ಇದ್ದರು, ಮಾಜಿ ಸಂಪುಟ ಕಾರ್ಯದರ್ಶಿ ಇದ್ದರು, ದಿಲ್ಲಿ ಐಐಟಿಯ ಮಾಜಿ ನಿರ್ದೇಶಕರಿದ್ದರು. 2008ರ ಡಿಸೆಂಬರ್ 16ರಂದು ಆ ಮಂಡಳಿ ಪ್ರವರ್ತಕರ ಕುಟುಂಬದವೇ ಆದ ಎರಡು ಮೇತಾಸ್ ಕಂಪನಿಗಳಿಗೆ 160 ಕೋಟಿ ಡಾಲರ್ ಸುರಿಯಲು ಒಪ್ಪಿತು. ಅದನ್ನು ತಡೆದವರು ಷೇರುದಾರರು. ಅವರ ಸಿಟ್ಟಿಗೆ ಹೆದರಿ ಮರುದಿನವೇ ಪ್ರಸ್ತಾವ ಬಿದ್ದುಹೋಯಿತು. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗರಾಜು ಬರೆದ ಪತ್ರದಿಂದ, ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಠೇವಣಿಯಲ್ಲಿ 5,040 ಕೋಟಿ ಇರಲೇ ಇಲ್ಲ ಎಂಬುದು ಹೊರಬಿತ್ತು. ಅದಕ್ಕೂ ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತಕ್ಕಾಗಿ ಆ ಕಂಪನಿಗೆ ಗೋಲ್ಡನ್ ಪೀಕಾಕ್ ಜಾಗತಿಕ ಪ್ರಶಸ್ತಿ ಬಂದಿತ್ತು.

ಆದ್ದರಿಂದ ಪಾಂಡಿತ್ಯ ಮತ್ತು ಪ್ರಶಸ್ತಿಗಳಿಂದ ಮಂಡಳಿಗೆ ಧೈರ್ಯ ಬರುತ್ತದೆ ಎಂದು ಯಾರೂ ಹೇಳಲಾರರು. ಪ್ರವರ್ತಕರ ಮತಗಳಿಂದ ಆರಿಸಿಬಂದವರು ಪ್ರವರ್ತಕರನ್ನೇ ಪ್ರಶ್ನಿಸಬೇಕಾದ ಇಕ್ಕಟ್ಟು ಯಾವ ತರಗತಿಯಲ್ಲೂ ಬಗೆಹರಿಯುವುದಿಲ್ಲ. 2022ರ ಜನವರಿಯಿಂದ ಲಿಸ್ಟೆಡ್ ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರ ನೇಮಕಕ್ಕೆ ವಿಶೇಷ ನಿರ್ಣಯ ಬೇಕೆಂದು ಸೆಬಿ ಹೇಳಿದ್ದು ಆ ಇಕ್ಕಟ್ಟಿಗೆ ಕಂಡುಕೊಂಡ ಒಂದು ದಾರಿ. ಹಾಗೆಂದು ಸತ್ಯಂ ಉದಾಹರಣೆ ಶಿಕ್ಷಣ ಬೇಡ ಎನ್ನುವುದಿಲ್ಲ. ಯಾವ ಬಗೆಯ ಶಿಕ್ಷಣ ಬೇಕು ಎಂಬುದನ್ನು ಅದು ಹೇಳುತ್ತದೆ. ಆ ವಿದ್ವಾಂಸರಿಗೆ ಕಾರ್ಪೊರೇಟ್ ಆಡಳಿತದ ಸಿದ್ಧಾಂತ ಬರುತ್ತಿತ್ತು. ಸಭೆಯಲ್ಲಿ ಕೊರತೆಯಾದದ್ದು ಪ್ರಸ್ತಾವವನ್ನು ಮುಂದೂಡಿ ಸ್ವತಂತ್ರ ಮೌಲ್ಯಮಾಪನ ಬರಲಿ ಎಂದು ಪಟ್ಟು ಹಿಡಿಯುವ ರೂಢಿ. ರೂಢಿ ಅಭ್ಯಾಸದಿಂದ ಬರುತ್ತದೆ, ಅಭ್ಯಾಸಕ್ಕೆ ಅಣಕು ಸಭೆ ಬೇಕು, ನೈಜ ಪ್ರಕರಣಗಳ ಓದು ಬೇಕು.

ಈ ದಾರಿಯಲ್ಲಿ ಸಾಕಷ್ಟು ದೂರ ನಡೆದ ದೇಶಗಳಿವೆ. ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಡೈರೆಕ್ಟರ್ಸ್ 1903ರಲ್ಲಿ ಹುಟ್ಟಿ 1906ರಲ್ಲಿ ರಾಜಸನ್ನದು ಪಡೆದ ಸಂಸ್ಥೆ. 1999ರಿಂದ ಚಾರ್ಟರ್ಡ್ ಡೈರೆಕ್ಟರ್ ಎಂಬ ಅರ್ಹತೆ ಕೊಡುತ್ತಿದೆ. ಸರ್ಟಿಫಿಕೇಟು, ಡಿಪ್ಲೊಮಾ ದಾಟಿ ಕೊನೆಗೆ ಅನುಭವದ ಮೇಲೆ ಸಂದರ್ಶನ ಎದುರಿಸಬೇಕು. ಕೆನಡಾದಲ್ಲಿ ಐಸಿಡಿ.ಡಿ ಅರ್ಹತೆಗೆ ಬರವಣಿಗೆಯ ಪರೀಕ್ಷೆಯ ಜೊತೆ ಮೌಖಿಕ ಪರೀಕ್ಷೆಯೂ ಇದೆ. ಇವು ಸ್ವಇಚ್ಛೆಯ ದಾರಿಗಳು. ಏಷ್ಯಾದ ಕೆಲವು ಷೇರುಪೇಟೆಗಳು ಕಡ್ಡಾಯದ ದಾರಿ ಹಿಡಿದಿವೆ. ಸಿಂಗಪುರದಲ್ಲಿ ಮೊದಲ ಬಾರಿಗೆ ಲಿಸ್ಟೆಡ್ ಕಂಪನಿಯ ಮಂಡಳಿಗೆ ಬಂದವರು ಒಂದು ವರ್ಷದೊಳಗೆ ನಿಗದಿತ ತರಬೇತಿ ಮುಗಿಸಬೇಕು. ಹಾಂಗ್‌ಕಾಂಗ್‌ನಲ್ಲಿ 2025ರ ಜುಲೈಯಿಂದ ಬಂದ ನಿಯಮದಂತೆ ಹೊಸಬರಿಗೆ ಹದಿನೆಂಟು ತಿಂಗಳಲ್ಲಿ ಕನಿಷ್ಠ 24 ಗಂಟೆಗಳ ತರಬೇತಿ. ಮಲೇಷ್ಯಾದಲ್ಲಿ ನೇಮಕವಾದ ನಾಲ್ಕು ತಿಂಗಳೊಳಗೆ ಕಡ್ಡಾಯ ಶಿಬಿರ ಮುಗಿಸಬೇಕು. ಅಷ್ಟಕ್ಕೇ ನಿಲ್ಲದೆ ಪ್ರತಿ ನಿರ್ದೇಶಕರು ಆ ವರ್ಷ ಯಾವ ತರಬೇತಿ ಪಡೆದರು ಎಂಬುದನ್ನು ವಾರ್ಷಿಕ ವರದಿಯಲ್ಲಿ ಹೇಳಬೇಕು. ಷೇರುದಾರರ ದೃಷ್ಟಿಯಿಂದ ಇವುಗಳಲ್ಲಿ ಅತಿ ಉಪಯುಕ್ತವಾದದ್ದು ಈ ಕೊನೆಯದು. ಅದಕ್ಕೆ ಖರ್ಚೂ ಕಡಿಮೆ.

ಭಾರತದಲ್ಲೂ ಇದಕ್ಕೆ ಹತ್ತಿರದ ಏರ್ಪಾಡು ಇದೆ. ಸೆಬಿಯ 2015ರ ನಿಯಮಗಳಂತೆ ಲಿಸ್ಟೆಡ್ ಕಂಪನಿ ತನ್ನ ಸ್ವತಂತ್ರ ನಿರ್ದೇಶಕರಿಗೆ ಪರಿಚಯ ಕಾರ್ಯಕ್ರಮ ನಡೆಸಬೇಕು, ಎಷ್ಟು ಕಾರ್ಯಕ್ರಮ, ಎಷ್ಟು ಗಂಟೆ ಎಂಬುದನ್ನು ಜಾಲತಾಣದಲ್ಲಿ ಹಾಕಬೇಕು. ತೊಂದರೆ ಇರುವುದು ಪಾಠ ಹೇಳುವವರಲ್ಲಿ. ಬಹುತೇಕ ಈ ಗಂಟೆಗಳು ಕಂಪನಿಯ ಅಧಿಕಾರಿಗಳೇ ಮಂಡಳಿಯ ಮುಂದಿಡುವ ಸ್ಲೈಡುಗಳಲ್ಲಿ, ಕಾರ್ಖಾನೆಯ ಭೇಟಿಯಲ್ಲಿ ಕಳೆಯುತ್ತವೆ. ಕಂಪನಿಯ ಪರಿಚಯಕ್ಕೆ ಇದು ಬೇಕು. ಆದರೆ ಯಾರ ಮೇಲೆ ಕಣ್ಣಿಡಬೇಕೋ ಅವರಿಂದಲೇ ಕಣ್ಣಿಡುವುದನ್ನು ಕಲಿಯಲಾಗದು. ಹೊರಗಿನ ಬೋಧಕರಿಂದ ಕಲಿತ ಗಂಟೆಗಳನ್ನೂ ಒಳಗಿನ ಪರಿಚಯದ ಗಂಟೆಗಳನ್ನೂ ಪ್ರತ್ಯೇಕವಾಗಿ, ನಿರ್ದೇಶಕರ ಹೆಸರಿನ ಸಮೇತ ವಾರ್ಷಿಕ ವರದಿಯಲ್ಲಿ ತೋರಿಸುವಂತೆ ಸಚಿವಾಲಯ ಮತ್ತು ಸೆಬಿ ಸೇರಿ ನಿಯಮ ಮಾಡಿದರೆ, ವಾರ್ಷಿಕ ಮಹಾಸಭೆಯಲ್ಲಿ ಮರುನೇಮಕದ ನಿರ್ಣಯಕ್ಕೆ ಮತ ಹಾಕುವವರಿಗೆ ಕೈಯಲ್ಲೊಂದು ಆಧಾರವಿರುತ್ತದೆ. ಕೌಶಲವನ್ನು ಕಾಲಕಾಲಕ್ಕೆ ಹೊಸತುಮಾಡಿಕೊಳ್ಳಬೇಕು ಎಂದು ನಾಲ್ಕನೇ ಅನುಸೂಚಿ ಈಗಾಗಲೇ ಹೇಳುತ್ತದೆ. ಹೇಳಿದ್ದನ್ನು ಅಳೆಯುವ ಕೆಲಸ ಬಾಕಿಯಿದೆ.

ಸ್ವತಂತ್ರ ನಿರ್ದೇಶಕರ ಒಂದು ಅವಧಿ ಗರಿಷ್ಠ ಐದು ವರ್ಷ. ಒಮ್ಮೆ ಪಾಸಾದ ಪರೀಕ್ಷೆ ಜೀವನಪೂರ್ತಿ ಸಲ್ಲುವ ಬದಲು ಆ ಅವಧಿಗೆ ತಳಕು ಹಾಕಿಕೊಳ್ಳಬೇಕು. ಎರಡನೇ ಅವಧಿಗೆ ಹೆಸರು ಸೂಚಿಸುವ ಮೊದಲು ಪ್ರಕರಣ ಆಧಾರಿತ ಮೌಲ್ಯಮಾಪನ ನಡೆಯಲಿ. ಅದರಲ್ಲಿ ಲೆಕ್ಕಪತ್ರವೊಂದನ್ನು ಓದಿ ಪ್ರಶ್ನೆ ಎತ್ತುವ ಭಾಗ ಇರಲೇಬೇಕು. ಈ ಭಾಗದಿಂದ ಯಾರಿಗೂ ವಿನಾಯಿತಿ ಬೇಡ. ಸಿಎ ಆದವರಿಗೆ ಅದು ಹತ್ತು ನಿಮಿಷದ ಕೆಲಸ, ಅವರಿಗೆ ಹೊರೆಯಾಗದು.

ಈ ಇಡೀ ವ್ಯವಸ್ಥೆ ಮಂಡಳಿಯ ಒಂದು ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದೂ ಗಮನಿಸಬೇಕಾದ ಸಂಗತಿ. ಪ್ರವರ್ತಕ ನಿರ್ದೇಶಕರು, ಪೂರ್ಣಾವಧಿ ನಿರ್ದೇಶಕರು, ಬ್ಯಾಂಕುಗಳೋ ಸರ್ಕಾರವೋ ಕಳಿಸುವ ನಾಮನಿರ್ದೇಶಿತರು ಯಾವ ಪರೀಕ್ಷೆಗೂ ಕೂರಬೇಕಿಲ್ಲ. ಸೆಕ್ಷನ್ 166ರ ಹೊಣೆ ಮಾತ್ರ ಎಲ್ಲರಿಗೂ ಒಂದೇ. ಕರ್ನಾಟಕದಲ್ಲಿ ಇದರ ಪರಿಣಾಮ ಎದ್ದು ಕಾಣುವುದು ನಿಗಮ-ಮಂಡಳಿಗಳಲ್ಲಿ. ಅವುಗಳಲ್ಲಿ ಹಲವು ಕಂಪನಿ ಕಾಯ್ದೆಯಡಿ ನೋಂದಣಿಯಾದವು. ಪ್ರತಿ ಸರ್ಕಾರ ಬಂದಾಗಲೂ ಅಧ್ಯಕ್ಷಗಿರಿ ಶಾಸಕರಿಗೆ, ಪಕ್ಷದ ಮುಖಂಡರಿಗೆ ಹಂಚಿಕೆಯಾಗುತ್ತದೆ. ಅವರಲ್ಲಿ ಜನರ ನಾಡಿ ಬಲ್ಲವರು, ಕೆಲಸ ಮಾಡುವ ಛಲವುಳ್ಳವರು ಬೇಕಾದಷ್ಟಿದ್ದಾರೆ. ಆದರೆ ನಿಗಮದ ಹಣ ಯಾವ ಬ್ಯಾಂಕಿನ ಯಾವ ಖಾತೆಯಲ್ಲಿದೆ, ಅದನ್ನು ತೆಗೆಯಲು ಎಷ್ಟು ಸಹಿ ಬೇಕು, ಬ್ಯಾಂಕಿನ ತಾಳೆಪಟ್ಟಿ ಮಂಡಳಿಯ ಮುಂದೆ ಬಂದು ಎಷ್ಟು ತಿಂಗಳಾಯಿತು ಎಂದು ಮೊದಲ ಸಭೆಯಲ್ಲೇ ಕೇಳಬೇಕೆಂದು ಅವರಿಗೆ ಹೇಳಿಕೊಟ್ಟವರಿಲ್ಲ. ಎರಡು ದಿನಗಳ ತರಬೇತಿ, ಅದೂ ಕನ್ನಡದಲ್ಲಿ, ಕಂಪನಿ ಕಾಯ್ದೆಯಡಿಯ ಪ್ರತಿಯೊಂದು ಸರ್ಕಾರಿ ಕಂಪನಿಯ ನಿರ್ದೇಶಕರಿಗೂ ಸಿಗುವಂತೆ ಮಾಡಲು ಸಚಿವಾಲಯಕ್ಕೆ ಅಧಿಕಾರವಿದೆ, ಐಐಸಿಎಯಂಥ ಸಂಸ್ಥೆಯೂ ಕೈಯಲ್ಲಿದೆ.

ಇದೇ ಮಾತು ಸಣ್ಣ ಪಟ್ಟಣಗಳಿಂದ ಷೇರುಪೇಟೆಯ ಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆ) ವೇದಿಕೆಗೆ ಬರುತ್ತಿರುವ ಕುಟುಂಬ ಕಂಪನಿಗಳಿಗೂ ಸಲ್ಲುತ್ತದೆ. ಕಾಯ್ದೆಯ ಪ್ರಕಾರ ಅವುಗಳ ಮಂಡಳಿಯಲ್ಲೂ ಮೂರನೇ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು, ಆದರೆ ಸೆಬಿಯ ಪರಿಚಯ ಕಾರ್ಯಕ್ರಮದ ನಿಯಮದಿಂದ ಅವು ಹೊರಗಿವೆ. ದೊಡ್ಡ ಕಂಪನಿಯ ನಿರ್ದೇಶಕರಿಗೆ ನೆರವಾಗಲು ವಕೀಲರು, ಸಲಹೆಗಾರರು ಸಾಲಾಗಿ ನಿಂತಿರುತ್ತಾರೆ. ಊರಿನ ನಿವೃತ್ತ ಬ್ಯಾಂಕ್ ಮ್ಯಾನೇಜರೋ ಕಾಲೇಜು ಪ್ರಾಂಶುಪಾಲರೋ ಪರಿಚಯದವರ ಕಂಪನಿಯ ಮಂಡಳಿ ಸೇರಿದಾಗ ಅವರಿಗೆ ಕೇಳಿ ತಿಳಿಯಲು ಯಾರೂ ಇರುವುದಿಲ್ಲ. ಬ್ಯಾಂಕುಗಳಿಗೆ ಕಾನೂನು ಬೇರೆಯದೇ ದಾರಿ ಹಿಡಿದಿದೆ: ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಸೆಕ್ಷನ್ 10ಎ ಪ್ರಕಾರ ಮಂಡಳಿಯ ಕನಿಷ್ಠ ಶೇಕಡ 51ರಷ್ಟು ಸದಸ್ಯರಿಗೆ ಲೆಕ್ಕಶಾಸ್ತ್ರ, ಕೃಷಿ, ಸಹಕಾರ, ಕಾನೂನಿನಂಥ ಕ್ಷೇತ್ರಗಳ ವಿಶೇಷ ಜ್ಞಾನ ಅಥವಾ ಅನುಭವ ಇರಬೇಕು. ಮಂಡಳಿಯನ್ನು ಒಟ್ಟಾಗಿ ನೋಡುವ ಈ ಕ್ರಮ ಇತರ ಕಂಪನಿಗಳಿಗೂ ಮಾದರಿಯಾಗಬಲ್ಲದು.

ಇನ್ನು ಉಳಿದಿರುವುದು ಪ್ರಮಾಣಪತ್ರದ ಮಾತು. ಸಿಎ ಒಬ್ಬರು ವೃತ್ತಿಯಲ್ಲಿ ದುರ್ನಡತೆ ತೋರಿದರೆ ಅವರ ಸಂಸ್ಥೆ ವಿಚಾರಣೆ ನಡೆಸಿ ಸದಸ್ಯರ ಪಟ್ಟಿಯಿಂದ ಹೆಸರು ತೆಗೆಯಬಲ್ಲದು. ಆ ಪಟ್ಟಿಯ ಮೇಲೆ ಜನ ಇಟ್ಟಿರುವ ನಂಬಿಕೆಗೆ ಅದೂ ಒಂದು ಕಾರಣ. ಡೇಟಾಬ್ಯಾಂಕಿನಲ್ಲಿ ಪರೀಕ್ಷೆ ಪಾಸಾದವರ ಹೆಸರಿನ ಜೊತೆ ಅವರು ಈವರೆಗೆ ಕೂತ ಮಂಡಳಿಗಳು, ಪಡೆದ ತರಬೇತಿ, ಸೆಬಿ ಅಥವಾ ನ್ಯಾಯಮಂಡಳಿ ಅವರ ವಿರುದ್ಧ ಹೊರಡಿಸಿದ ಅಂತಿಮ ಆದೇಶಗಳು ಇದ್ದರೆ ಅವೂ ದಾಖಲಾಗಲಿ. ನಿರ್ದೇಶಕರನ್ನು ಹುಡುಕುವ ಕಂಪನಿಗಳಿಗೆ ಮಾತ್ರವಲ್ಲದೆ ಆ ಕಂಪನಿಗಳ ಷೇರುದಾರರಿಗೂ ಈ ವಿವರ ಶುಲ್ಕವಿಲ್ಲದೆ ಸಿಗಲಿ. ಇದಕ್ಕೆ ಕಾಯ್ದೆಯ ತಿದ್ದುಪಡಿಗಾಗಿ ಸಂಸತ್ತಿನವರೆಗೆ ಹೋಗಬೇಕಿಲ್ಲ. ಡೇಟಾಬ್ಯಾಂಕಿನ ರಚನೆ ಮತ್ತು ನಿರ್ವಹಣೆಯ 2019ರ ನಿಯಮಗಳನ್ನು ರೂಪಿಸಿದ ಸಚಿವಾಲಯವೇ ಒಂದು ಅಧಿಸೂಚನೆಯ ಮೂಲಕ ಅವನ್ನು ತಿದ್ದಬಹುದು.

ಇಂತಿ,
ಬೆಂಗಳೂರಿನ ಒಬ್ಬ ಸಣ್ಣ ಷೇರುದಾರ